ಅಗಸಿಯಲ್ಲಿಟ್ಟ ರೊಟ್ಟಿ

ರಾತ್ರಿ ಪಾಳಿ ಮುಗಿಸಿ ಲಂಡನ್ನಿನ ಸಟನ್‌ನ ನಮ್ಮ ಫ್ಲ್ಯಾಟಿಗೆ ಬಂದಾಗ ಬೆಳಗಾಗಿತ್ತು. ನರ್ಸಿಗೆ ದಣಿವು ಹೊಸದಲ್ಲ. ಆದರೆ ಕೋವಿಡ್ ನಂತರದ ನನ್ನ ದಣಿವು ನಿದ್ದೆ ಮಾಡಿದರೂ ಹೋಗುವುದಿಲ್ಲ.

ಮಗಳು ಇತಿಹಾಸದ ಹೋಮ್‌ವರ್ಕ್ ಹರಡಿಕೊಂಡು ಕೂತಿದ್ದಳು. ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಲಂಡನ್ನಿನಿಂದ ಹೋದ ಬಟ್ಟೆಗಂಟಿನ ಜೊತೆ ಡರ್ಬಿಶೈರಿನ ಒಂದು ಹಳ್ಳಿಗೆ ಪ್ಲೇಗ್ ಹೋಯಿತಂತೆ. ಸುತ್ತಲಿನ ಊರುಗಳಿಗೆ ಹರಡದಿರಲೆಂದು, ಪಾದ್ರಿಯ ಮಾತಿಗೆ ಒಪ್ಪಿ ಜನ ಊರೊಳಗೇ ಉಳಿದರಂತೆ. ಹೊರಗಿನವರು ಗಡಿಕಲ್ಲಿನ ಹತ್ತಿರ ಊಟ ಇಟ್ಟು ಹೋಗುತ್ತಿದ್ದರು. ಒಬ್ಬ ಹೆಂಗಸು ಗಂಡನನ್ನೂ ಮಕ್ಕಳನ್ನೂ ತಾನೊಬ್ಬಳೇ ಮಣ್ಣು ಮಾಡಿದಳು.

"ನೀನಾಗಿದ್ದರೆ ಉಳಿಯುತ್ತಿದ್ದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಓಡಿಹೋಗ್ತಿದ್ದೆ," ಎಂದೆ.

ಧಾರವಾಡದ ಕಡೆಯ ನಮ್ಮತ್ತೆ ಚಹಾ ಸೋಸುತ್ತಿದ್ದವರು ತಿರುಗಿದರು. "ಸುಳ್ಳ ಯಾಕ ಹೇಳ್ತಿ? ಕೋವಿಡ್‌ನ್ಯಾಗ ಎಲ್ಲಿ ಓಡಿಹೋದಿ ನೀ?"

ಆಗ ಮನೆಯವರಿಗೆ ಸೋಂಕು ತಗುಲದಿರಲೆಂದು ನಾನು ಮುಂದಿನ ಕೋಣೆಯಲ್ಲಿ ಒಬ್ಬಳೇ ಇದ್ದೆ. ಅತ್ತೆ ಬಾಗಿಲ ಹೊರಗೆ ತಟ್ಟೆ ಇಟ್ಟು ದೂರ ಸರಿಯುತ್ತಿದ್ದರು.

"ನಮ್ಮ ಊರಾಗೂ ಪ್ಲೇಗ್ ಬಂದಿತ್ತಂತ," ಎಂದು ಅತ್ತೆ ಮೊಮ್ಮಗಳ ಎದುರು ಕೂತರು. "ಎಲ್ಲಾರೂ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕ್ಕೊಂಡ್ರು. ನಮ್ಮಜ್ಜಿ ಹೋಗಲಿಲ್ಲ. ಗಂಡ ಜ್ವರದಾಗ ಮಲಗಿದ್ದ. ಆಕಿ ಅಣ್ಣ ಊರ ಬಾಗಿಲ ತನಕ, ಅಗಸಿ ತನಕ ಬಂದು ರೊಟ್ಟಿ ಇಟ್ಟು, ಕೂಗಿ ಹೇಳಿ ಹೋಗ್ತಿದ್ದ."

"ಆಮೇಲೆ?" ಮಗಳು ಕನ್ನಡದಲ್ಲೇ ಕೇಳಿದಳು.

"ಗಂಡ ಉಳೀಲಿಲ್ಲ. ಹೊರಲಿಕ್ಕೆ ಯಾರೂ ಬರಲಿಲ್ಲ. ತಾನ ಎತ್ತಿನ ಚಕ್ಕಡಿ ಹೂಡಿ ಒಯ್ದಳು. ಮುಂದ ಗುಡಿಸಲ ಕಡೆ ಹೋದ್ರ, ಹತ್ರ ಬರಬ್ಯಾಡ ಅಂದ್ರು. ಸ್ವಂತ ಅಣ್ಣನೂ ಹಂಗ ಅಂದ. ಬ್ಯಾರೆ ಗಿಡದ ಕೆಳಗ ಇದ್ದಳು, ಒಬ್ಬಾಕಿನ."

"ಅಣ್ಣನ ಮೇಲೆ ಸಿಟ್ಟು ಬರಲಿಲ್ವಾ?"

"ಆಕಿ ಎಂದೂ ಹೇಳಲಿಲ್ಲ. ಅವನ ಮನಿಗೆ ಮಾತ್ರ ಮತ್ತ ಕಾಲಿಡಲಿಲ್ಲ."

ಮಗಳು ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ನಾನು ದೊಡ್ಡ ಧೈರ್ಯವಂತೆಯಾಗುತ್ತಿರುವುದು ಕಂಡು ಸಂಕಟವಾಯಿತು.

"ನಂದು ಧೈರ್ಯ ಅಲ್ಲ, ಮರಿ," ಎಂದೆ. "ಪಾಳಿ ಇತ್ತು, ಹೋಗ್ತಿದ್ದೆ. ಬಸ್ಸಿನಲ್ಲಿ ಅಳ್ತಿದ್ದೆ. ಒಂದು ದಿನ ಆಸ್ಪತ್ರೆ ಹತ್ತಿರ ಇಳಿಯೋ ಮನಸ್ಸಾಗದೆ ಮುಂದಿನ ಸ್ಟಾಪಿನವರೆಗೂ ಹೋಗಿಬಿಟ್ಟೆ."

"ವಾಪಸ್ ಆಸ್ಪತ್ರೆಗೆ ಹೋದೆಯಾ?"

"ನಡ್ಕೊಂಡು ಹೋದೆ."

ಅತ್ತೆ ನನ್ನ ಮುಂದೆ ಚಹಾ ಇಟ್ಟರು. ಇಷ್ಟು ವರ್ಷ ಅವರಿಗೂ ಇದನ್ನು ಹೇಳಿರಲಿಲ್ಲ.

ಸೋಮವಾರ ಮಗಳು ತರಗತಿಯಲ್ಲಿ ಎರಡೂ ಊರಿನ ಕಥೆ ಹೇಳಿದಳಂತೆ. ನಾನು ಆಗ ವಾರ್ಡಿನಲ್ಲಿದ್ದೆ.