ಸುಮ್ಮನೆ ಕೂರುವ ಕೆಲಸ

ಅಮೆರಿಕದ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಕನ್ನಡದವರ ನಡುವೆ ಸರಳಾಗೆ ಇನ್ನೊಂದು ಹೆಸರಿತ್ತು: ಆಕಾಶವಾಣಿ. ಬೆನ್ನ ಹಿಂದೆ ಆಡುವ ಹೆಸರೇನಲ್ಲ, ಎದುರಿಗೇ ಕರೆಯುತ್ತಿದ್ದರು, ಅವಳೂ ನಗುತ್ತಿದ್ದಳು. ಯಾರ ಮನೆಗೆ ಅತ್ತೆ ಬಂದಿದ್ದಾರೆ, ಯಾರ ಮಗಳು ಮೆಡಿಸಿನ್ ಬಿಟ್ಟು ಸಂಗೀತ ಹಿಡಿದಿದ್ದಾಳೆ, ಯಾರು ಮನೆ ಮಾರಲು ಹೊರಟಿದ್ದಾರೆ, ಎಲ್ಲವೂ ಅವಳಿಗೆ ಮೊದಲು ತಿಳಿಯುತ್ತಿತ್ತು. ತಿಳಿದದ್ದು ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕೆಟ್ಟ ಮನಸ್ಸಿನವಳಂತೂ ಅಲ್ಲ. ಬಾಣಂತಿಯರಿಗೆ ಮೆಣಸಿನ ಸಾರು ಮಾಡಿ ಒಯ್ಯುವವಳೂ ಅವಳೇ, ಕಾಲು ಮುರಿದುಕೊಂಡವರನ್ನು ಡ್ರೈವ್ ಮಾಡಿ ಆಸ್ಪತ್ರೆಗೆ ಮುಟ್ಟಿಸುವವಳೂ ಅವಳೇ. ಆದರೆ ಒಯ್ದ ಪಾತ್ರೆ ವಾಪಸು ಬರುವಷ್ಟರಲ್ಲಿ ಆ ಮನೆಯ ಸಮಾಚಾರ ಆಚೆಯ ಟ್ರಾಯ್ ಊರಿನವರೆಗೆ ಹೋಗಿ ಸುತ್ತಾಡಿ ಬಂದಿರುತ್ತಿತ್ತು.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಶ್ಯಾಮನನ್ನು ಮದುವೆಯಾಗಿ ಬಂದವಳು, ಕಾರಿನ ಬ್ರೇಕು ಪರೀಕ್ಷೆ ಮಾಡುವ ಒಂದು ಕಂಪನಿಯಲ್ಲಿ ಬಹಳ ವರ್ಷ ದುಡಿದಳು. ೨೦೦೯ರ ಜನವರಿಯಲ್ಲಿ ಕಂಪನಿ ಅವಳ ವಿಭಾಗವನ್ನೇ ಮುಚ್ಚಿತು. ಕಾರು ಕಂಪನಿಗಳು ನೆಲಕಚ್ಚಿದ್ದ ಆ ಚಳಿಗಾಲದಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಇದು ಅಂಥ ದೊಡ್ಡ ಸುದ್ದಿಯೇನಲ್ಲ. ತನ್ನ ಕೆಲಸ ಹೋದದ್ದನ್ನು ಸರಳಾ ಮುಚ್ಚಿಟ್ಟಳು ಅಂದುಕೊಳ್ಳಬೇಡಿ. ಅದನ್ನೂ ಅವಳೇ ಮನೆಮನೆಗೆ ಫೋನ್ ಮಾಡಿ ಹೇಳಿದಳು. ಹೇಳಿ ಮುಗಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟಿನ ಕೊರೆಯುವ ಚಳಿ, ಒಳಗೆ ಅವಳೊಬ್ಬಳೇ.

ಲೈಬ್ರರಿಯ ಗೋಡೆಯ ಮೇಲೆ ಅವಳು ಆ ಪ್ರಕಟಣೆ ಕಂಡದ್ದು ಆಗ. ಹದಿಹರೆಯದವರ ನ್ಯಾಯಾಲಯಕ್ಕೆ ದೊಡ್ಡವರೊಬ್ಬರು ಬೇಕಾಗಿದ್ದಾರೆ, ಸಂಬಳವಿಲ್ಲ. ಮೊದಲ ಸಲ ಸಣ್ಣ ತಪ್ಪು ಮಾಡಿ ಪೊಲೀಸರ ಕೈಗೆ ಸಿಕ್ಕ ಮಕ್ಕಳನ್ನು ಅಲ್ಲಿ ಅವರದೇ ವಯಸ್ಸಿನ ಮಕ್ಕಳು ವಿಚಾರಿಸುತ್ತಿದ್ದರು. ಜಡ್ಜ್, ವಕೀಲರು, ಕೂತು ತೀರ್ಮಾನಿಸುವ ಜ್ಯೂರಿ ಎಲ್ಲ ಹೈಸ್ಕೂಲಿನವರೇ. ಅವರು ಕೊಟ್ಟ ಶಿಕ್ಷೆ ಮುಗಿಸಿದರೆ ಹುಡುಗನ ಹೆಸರಿಗೆ ಮಸಿ ಅಂಟುವುದಿಲ್ಲ, ದೊಡ್ಡ ಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ. ಕೋಣೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕೆಂಬುದು ನಿಯಮ. ಇರಬೇಕು ಅಷ್ಟೇ, ಬಾಯಿ ಹಾಕಕೂಡದು.

“ನೀನಾ? ಒಂದು ಮಾತೂ ಆಡದೆ ಕೂತಿರ್ತೀಯಾ?” ಎಂದು ಶ್ಯಾಮ್ ಕಾಫಿ ಲೋಟ ಕೆಳಗಿಟ್ಟು ನಕ್ಕ.

“ಕೂತ್ಕೋತೀನಿ, ನೋಡ್ತಿರಿ,” ಎಂದಳು. ಆ ನಗುವಿನ ಮೇಲಿನ ಹಟಕ್ಕೇ ಹೋದಳೆಂದರೂ ತಪ್ಪಿಲ್ಲ.

ಮಂಗಳವಾರ ಸಂಜೆ ಟೌನ್‌ಶಿಪ್ ಕಟ್ಟಡದ ಒಂದು ಕೋಣೆಯಲ್ಲಿ ಕಲಾಪ ನಡೆಯುತ್ತಿತ್ತು. ಶುರುವಾಗುವ ಮೊದಲು ಎಲ್ಲರೂ ಎದ್ದು ನಿಂತು, ಇಲ್ಲಿ ಕೇಳಿದ್ದನ್ನು ಹೊರಗೆ ಆಡುವುದಿಲ್ಲವೆಂದು ಪ್ರಮಾಣ ಮಾಡಬೇಕು. ಮೊದಮೊದಲು ಸರಳಾಗೆ ಪ್ರಾಣಸಂಕಟ. ಆ ಪುಟ್ಟ ವಕೀಲ ಕೇಳಬೇಕಾದ್ದು ಕೇಳದೆ ಇನ್ನೇನೋ ಕೇಳುವಾಗ ಅವಳ ನಾಲಿಗೆ ತುರಿಸುತ್ತಿತ್ತು. ಮನೆಯಿಂದ ಲವಂಗ ತಂದು ಹಲ್ಲಿನ ನಡುವೆ ಕಚ್ಚಿಕೊಂಡು ಕೂರತೊಡಗಿದಳು. ವಾರಗಳು ಹೋದಂತೆ, ತಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ಯಾವುದೋ ಹುಡುಗಿ ತನಗಿಂತ ಮೆತ್ತಗೆ ಕೇಳುವುದನ್ನು ಕಂಡಳು. ಸುಮ್ಮನಿದ್ದರೆ ಎದುರಿನವರು ಇನ್ನೂ ಒಂದಿಷ್ಟು ಮಾತಾಡುತ್ತಾರೆಂಬುದು ಅವಳಿಗೆ ಅಷ್ಟು ವಯಸ್ಸಾದ ಮೇಲೆ ಗೊತ್ತಾಯಿತು. ಆ ಕೋಣೆ ಅವಳಿಗೆ ಹಿಡಿಸಿತು. ಮುಂದೆ ಬೇರೆ ಕೆಲಸ ಸಿಕ್ಕಮೇಲೂ ಅವಳು ಮಂಗಳವಾರ ಬಿಡಲಿಲ್ಲ.

ಮೇ ತಿಂಗಳಲ್ಲಿ ಒಂದು ಮಂಗಳವಾರ ಬಾಗಿಲು ತೆಗೆದು ಒಳಗೆ ಬಂದವಳು ಭಾನು. ಜೊತೆಗೆ ಗಂಡ ರವಿಶಂಕರ, ಮಗ ವಿಶ್ರುತ್. ಭಾನು ಸರಳಾಳ ಮೈಸೂರಿನ ಕಾಲೇಜಿನ ಗೆಳತಿ, ಇಲ್ಲಿ ಒಂದು ಮೈಲಿ ದೂರದ ಬಡಾವಣೆಯಲ್ಲಿ ಮನೆ. ವಿಶ್ರುತ್‌ನಿಗೆ ಅವನು ಹುಟ್ಟಿದಾಗಿನಿಂದ ಸರಳಾ ಆಂಟಿ. ನಮಸ್ಕಾರ ಮಾಡೋ ಎಂದು ತಾಯಿ ಬೆನ್ನು ತಳ್ಳಿದರೂ ಕೈ ಬೀಸಿ “ಹಾಯ್” ಎಂದು ಓಡಿಹೋಗುವ ಹುಡುಗ. ಈಗ ಅವನು ಶೂಗಳನ್ನೇ ನೋಡುತ್ತ ಕೂತ.

ಜಡ್ಜ್ ಕುರ್ಚಿಯಲ್ಲಿದ್ದ ಲೀನಾ ಎಂಬ ಹುಡುಗಿ ಎಂದಿನಂತೆ ಕೇಳಿದಳು: ಇಲ್ಲಿ ಯಾರಿಗಾದರೂ ಇವನು ಪರಿಚಯವೇ? ಸರಳಾ ಕೈ ಎತ್ತಿದಳು. ಅವಳು ಎದ್ದು ಹೋದರೆ ಅಂದು ಬೇರೆ ದೊಡ್ಡವರಿಲ್ಲ, ವಿಚಾರಣೆ ಮುಂದಕ್ಕೆ ಹೋಗುತ್ತದೆ. ಲೀನಾ ಮನೆಯವರನ್ನು ಕೇಳಿದಳು. ರವಿಶಂಕರ ಹೆಂಡತಿಯ ಕಡೆ ತಿರುಗಿದ. ಭಾನು ತಲೆ ಎತ್ತದೆ, ಪರವಾಗಿಲ್ಲ, ಅವರು ಇರಲಿ ಎಂದಳು.

ವಿಶ್ರುತ್ ಮಾಡಿದ್ದು ಇಷ್ಟು. ಅವರ ಬೀದಿಯಲ್ಲಿ ಅವನ ಸ್ನೇಹಿತನ ಮನೆಯನ್ನು ಸಾಲ ಕಟ್ಟಿಲ್ಲವೆಂದು ಬ್ಯಾಂಕಿನವರು ವಶಪಡಿಸಿಕೊಂಡಿದ್ದರು. ಸ್ನೇಹಿತನ ಸಂಸಾರ ಯಾರಿಗೂ ಹೇಳದೆ ಊರು ಬಿಟ್ಟಿತ್ತು. ಖಾಲಿ ಮನೆಯ ಹಿಂದಿನ ಗಾಜಿನ ಬಾಗಿಲು ಒಡೆದು ಇವನು ಒಳಗೆ ಹೋಗಿದ್ದ. ಏನು ತೆಗೆದುಕೊಳ್ಳಲು ಹೋದೆ ಎಂದು ಜ್ಯೂರಿಯ ಹುಡುಗ ಕೇಳಿದ. ಏನೂ ಇಲ್ಲ, ಅವನ ಕೋಣೆ ಹೇಗಿದೆ ನೋಡಬೇಕಿತ್ತು ಎಂದ ವಿಶ್ರುತ್. ಮಕ್ಕಳು ಒಳಗೆ ಹೋಗಿ ಚರ್ಚಿಸಿ ಬಂದು ಶಿಕ್ಷೆ ಹೇಳಿದರು: ಬೀದಿಯ ಖಾಲಿ ಮನೆಗಳ ಹುಲ್ಲು ಕತ್ತರಿಸುವುದು, ಬೇಸಿಗೆ ಮುಗಿಯುವವರೆಗೆ ಇದೇ ಕೋಣೆಯಲ್ಲಿ ಬೇರೆಯವರ ವಿಚಾರಣೆಗೆ ಜ್ಯೂರಿಯಾಗಿ ಕೂರುವುದು. ಕೊನೆಗೆ ಲೀನಾ ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿದಳು: ನಾವು ಯಾರೂ ಇದನ್ನು ಹೊರಗೆ ಆಡುವಂತಿಲ್ಲ, ಆದರೆ ಕಥೆ ನಿನ್ನದು, ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಪಾರ್ಕಿಂಗ್ ಲಾಟಿನಲ್ಲಿ ಭಾನು ಸರಳಾಳ ಕೈ ಹಿಡಿದು ನಿಲ್ಲಿಸಿದಳು. “ಭಾಷೆ ಕೊಡು. ಯಾರಿಗೂ ಹೇಳಲ್ಲ ಅಂತ ಕೈ ಮೇಲೆ ಕೈ ಇಟ್ಟು ಹೇಳು.” ಸರಳಾ ಇಟ್ಟಳು. ಆ ಹೊತ್ತಿಗೆ ಅದು ಅವಳಿಗೆ ಕಷ್ಟದ ಮಾತೇ ಆಗಿರಲಿಲ್ಲ. ಗಂಡನಿಗೂ ಹೇಳಲಿಲ್ಲ.

ಜೂನ್‌ನಲ್ಲಿ ಕನ್ನಡ ಸಂಘದ ಪಿಕ್ನಿಕ್ ಆಯಿತು. ಅದಾಗಿ ಎರಡು ದಿನಕ್ಕೆ ಫೋನ್ ಬಂತು.

“ಊರಿಗೆಲ್ಲ ಗೊತ್ತಾಗಿದೆ,” ಎಂದಳು ಭಾನು. “ನನ್ನ ಮಗ ಕೋರ್ಟಿಗೆ ಹೋಗಿದ್ದ ಅಂತ ಸಂಘದ ಪದ್ಮಮ್ಮ ಆಂಟಿ ನನ್ನನ್ನೇ ಕೇಳ್ತಾರೆ. ಒಂದೇ ಒಂದು ಮಾತು ಸರಳಾ. ಒಂದು ಮಾತು ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?”

“ನಾನು ಹೇಳಿಲ್ಲ ಕಣೆ. ದೇವರಾಣೆ ಹೇಳಿಲ್ಲ.”

“ಮತ್ಯಾರು ಹೇಳಿದ್ರು? ಆ ಜಡ್ಜ್ ಹುಡುಗಿ ಪಿಕ್ನಿಕ್ಕಿಗೆ ಬಂದು ಕನ್ನಡದಲ್ಲಿ ಹೇಳಿದ್ಲಾ?”

ಭಾನು ಫೋನ್ ಇಟ್ಟಳು. ಇಷ್ಟು ವರ್ಷ ಆಡಿದ ಮಾತುಗಳೆಲ್ಲ ಸೇರಿ ಸರಳಾಳ ವಿರುದ್ಧ ಸಾಕ್ಷಿ ಹೇಳುತ್ತಿದ್ದರೆ ಅವಳ ಪರ ವಕಾಲತ್ತು ವಹಿಸುವವರು ಯಾರು? ಶ್ಯಾಮ್ ಕೂಡ ಆ ರಾತ್ರಿ ಊಟದ ನಡುವೆ, “ಹೋಗ್ಲಿ, ನನಗಾದ್ರೂ ನಿಜ ಹೇಳು,” ಎಂದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಅತ್ತಳು.

ಮುಂದಿನ ಮಂಗಳವಾರ ವಿಶ್ರುತ್ ಜ್ಯೂರಿಗೆ ಬಂದಿದ್ದ. ಕಲಾಪ ಮುಗಿದ ಮೇಲೆ ನೀರಿನ ನಲ್ಲಿಯ ಹತ್ತಿರ ಅವಳಿಗಾಗಿ ಕಾದು ನಿಂತ.

“ಆಂಟಿ, ಇಟ್ ವಾಸ್ ಮೀ. ಐ ಟೋಲ್ಡ್ ದೆಮ್.”

ಇಂಗ್ಲಿಷಿನಲ್ಲೇ ತಡವರಿಸುತ್ತ ಎಲ್ಲ ಹೇಳಿದ. ಬೀದಿಗೆ ಪೊಲೀಸ್ ಕಾರು ಬಂದದ್ದನ್ನು ಯಾರೋ ನೋಡಿದ್ದರು. ಅದೇ ಬೀದಿಯಲ್ಲಿ, ಕನ್ನಡ ಸಂಘದವರೇ ಆದ ಕಿರಾಣಿ ಅಂಗಡಿಯ ಅನೀಸ್ ಅಂಕಲ್ ಮನೆಯೂ ಇತ್ತು. ಗಾಜು ಒಡೆದವನು ಅವರ ಮಗ ಸಾಕಿಬ್ ಇರಬೇಕೆಂದು ದೊಡ್ಡವರು ಮನೆಗಳಲ್ಲಿ ಆಡಿಕೊಂಡಿದ್ದು ಮಕ್ಕಳ ಬಾಯಿಗೂ ಬಂದಿತ್ತು. ಪಿಕ್ನಿಕ್ಕಿನಲ್ಲಿ ಕ್ರಿಕೆಟ್ ಆಡಲು ಟೀಮ್ ಮಾಡುವಾಗ ಸಾಕಿಬ್‌ನನ್ನು ಯಾರೂ ಕರೆಯಲಿಲ್ಲ. ಆಗ ವಿಶ್ರುತ್ ಬ್ಯಾಟ್ ಕೆಳಗೆ ಹಾಕಿ, ಅವನಲ್ಲ, ನಾನು, ಕೋರ್ಟಿಗೂ ಹೋಗಿಬಂದೆ ಎಂದು ಹೇಳಿಬಿಟ್ಟಿದ್ದ. ಮಕ್ಕಳ ಬಾಯಿಂದ ಅದು ಮನೆಗಳಿಗೆ ಹೋದಾಗ, ಮೊದಲು ಹೇಳಿದವರು ಯಾರೆಂದು ಯಾರೂ ವಿಚಾರಿಸಿರಲಿಲ್ಲ.

“ಮನೇಲಿ ಯಾಕೋ ಹೇಳ್ಲಿಲ್ಲ?”

ನಿನ್ನ ಬಾಯಿಂದ ಇದು ಆಚೆ ಹೋದರೆ ಮೈಸೂರಿನಲ್ಲಿ ಹಾಸ್ಟೆಲ್‌ಗೆ ಸೇರಿಸುತ್ತೇನೆ ಎಂದು ಅಪ್ಪ ಹೇಳಿದ್ದರು. ಟಿಕೆಟಿನ ದರವನ್ನೂ ವಿಚಾರಿಸಿದ್ದರು. ಹೇಳಿದ್ದು ಆಂಟಿ ಎಂದು ಮನೆಯಲ್ಲಿ ನಂಬಿರುವುದರಿಂದ ತಾನಿನ್ನೂ ಇಲ್ಲಿದ್ದೇನೆ ಎಂದ. “ಪ್ಲೀಸ್ ಆಂಟಿ.”

ಸರಳಾಗೆ ಅವನ ಕೆನ್ನೆಗೆ ಒಂದು ಬಿಗಿಯಬೇಕೆನಿಸಿತು, ತಲೆ ಸವರಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಕಾರಿನ ಬಾಗಿಲು ಹಾಕಿಕೊಂಡಳು. ಹೇಳಿದ್ದು ನಿನ್ನ ಮಗನೇ ಎಂಬ ಒಂದು ವಾಕ್ಯ ಸಾಕಿತ್ತು. ಕಲಾಪದ ಹೊರಗೆ ಕೇಳಿದ ಆ ವಾಕ್ಯಕ್ಕೆ ಯಾವ ಪ್ರಮಾಣದ ಅಡ್ಡಿಯೂ ಇರಲಿಲ್ಲ, ಅದು ನಿಜವೂ ಆಗಿತ್ತು, ಹೇಳಿದರೆ ಭಾನು ಅವತ್ತೇ ಓಡಿಬರುತ್ತಿದ್ದಳು. ಆ ಬೇಸಿಗೆಯಲ್ಲಿ ಸರಳಾ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟಳು. ಗೆಳತಿಯ ಮೇಲೆ ಸಿಟ್ಟು, ಹುಡುಗನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಹೆಸರಿನ ಮೇಲೆ ಸಿಟ್ಟು. ಇಂಡಿಯನ್ ಅಂಗಡಿಯಲ್ಲಿ ಭಾನು ಅವಳನ್ನು ಕಂಡು ಬೇಳೆಯ ಸಾಲಿನಿಂದ ಅಕ್ಕಿಯ ಸಾಲಿಗೆ ತಿರುಗಿಕೊಂಡ ದಿನ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೂ ನುಂಗಿಕೊಂಡಳು.

ಆಗಸ್ಟಿನಲ್ಲಿ ಗೌರಿ ಹಬ್ಬ ಬಂತು. ಅರಿಶಿನ ಕುಂಕುಮಕ್ಕೆ ಬಾ ಎಂದು ಭಾನು ತಾನಾಗಿಯೇ ಕರೆದಳು. ಸರಳಾ ಹಸಿರು ರೇಷ್ಮೆಯುಟ್ಟು ಹೋದಳು. ಹಾಲ್ ತುಂಬ ಹೆಂಗಸರು. ವಿಶ್ರುತ್ ಕೋಸಂಬರಿಯ ತಟ್ಟೆ ಹಿಡಿದು ಹಂಚುತ್ತಿದ್ದ. ಭಾನು ಸರಳಾಳ ಹಣೆಗೆ ಕುಂಕುಮವಿಟ್ಟು, ಕೈಗೆ ಬಾಗಿನ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು:

“ಹಬ್ಬದ ದಿನ ಮನಸ್ಸಲ್ಲಿ ಏನೂ ಇಟ್ಕೋಬಾರ್ದು ಕಣೆ. ನೀನೇನು ಬೇಕೂಂತ ಮಾಡಿದ್ದಲ್ಲ, ನಿನ್ನ ಸ್ವಭಾವಾನೇ ಹಾಗೆ. ನಾನು ಕ್ಷಮಿಸಿಬಿಟ್ಟಿದೀನಿ.”

ವಿಶ್ರುತ್ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತ. ಅವನ ಬಾಯಿ ತೆರೆಯುತ್ತಿರುವುದನ್ನು ಸರಳಾ ನೋಡಿದಳು, ಅವನಿಗಿಂತ ಮೊದಲು ತಾನೇ ಮಾತಾಡಿದಳು.

“ತಪ್ಪಾಯ್ತು ಭಾನು. ಇನ್ಮೇಲೆ ಬಾಯಿ ಬಿಗಿಹಿಡ್ಕೊಂಡಿರ್ತೀನಿ.”

“ಹಾಗಾದ್ರೆ ಆಕಾಶವಾಣಿ ಬಂದ್ ಆಯ್ತು ಅನ್ನಿ,” ಎಂದರು ಪದ್ಮಮ್ಮ. ಹೆಂಗಸರೆಲ್ಲ ನಕ್ಕರು. ಸರಳಾಳೂ ನಕ್ಕಳು.

ವಿಶ್ರುತ್ ನಗಲಿಲ್ಲ. ತಟ್ಟೆಯನ್ನು ಕೆಳಗಿಟ್ಟು ಬಂದು, ಯಾರೂ ಹೇಳದೆಯೇ ಸರಳಾಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹಬ್ಬದ ದಿನವಾದರೂ ಮಗನಿಗೆ ಇಷ್ಟು ತೋಚಿತಲ್ಲ ಎಂದು ಭಾನುಗೆ ಸಂತೋಷವಾಯಿತು.