ಸುಗಂಧಾಬಾಯಿಯ ಜೋಲುಗಳ್ಳಿ

ನಾನು ಈವರೆಗೆ ಮೂರು ಸಲ ಕಳ್ಳತನ ಮಾಡಿದ್ದೇನೆ. ಮೂರೂ ಸಲ ಒಂದೇ ಮನೆಯಲ್ಲಿ, ಒಂದೇ ಗಿಡದಿಂದ, ಅದೂ ಹಾಡುಹಗಲೇ. ಕಳಿಸಿದವಳು ನನ್ನ ಅತ್ತೆ ಗಿರಿಜವ್ವ. ಕಳೆದುಕೊಂಡವಳು ನಮ್ಮ ಜುಗೂಳದ ನರ್ಸಬಾಯಿ ಸುಗಂಧಾ. ನಾನು ಬರೆಯಹೊರಟಿದ್ದು ಸುಗಂಧಾಬಾಯಿಯ ಬಗ್ಗೆ. ಆದರೆ ಕಳ್ಳರನ್ನು ಬಿಟ್ಟು ಅವಳ ಕತೆ ಹೇಳಲು ಬರುವುದಿಲ್ಲ.

ಅವಳು ನಮ್ಮೂರಿಗೆ ಬಂದದ್ದು ಎಂಬತ್ತಾರರಲ್ಲಿ. ತವರು ದಿಗ್ಗೇವಾಡಿ. ಅಪ್ಪ ತುಕಾರಾಮ ಕಂಡವರ ಕಬ್ಬಿನಲ್ಲಿ ಕೂಲಿ ಮಾಡಿ ಮಗಳನ್ನು ನರ್ಸ್ ತರಬೇತಿಗೆ ಕಳಿಸಿದ್ದ. ಗಂಡ ಉತ್ತಮ ಅನ್ನುವವನು ರಾಯಬಾಗದಲ್ಲಿ ಗುಮಾಸ್ತ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಸರಕಾರ ಕೊಟ್ಟ ಎರಡು ಕೋಣೆ, ಮುಂದೊಂದು ಪಡಸಾಲೆ, ಗೋಡೆಯ ಮೇಲೆ ಬುದ್ಧನ ಪಟ. ಆ ಪಟ ಕಂಡು ಜಾತಿ ಊಹಿಸಿದ ದಿನವೇ ಊರು ಅವಳಿಗೊಂದು ಗೆರೆ ಎಳೆಯಿತು.

ಗೆರೆ ಅಂದರೆ ಎಂಥದ್ದು, ಹೇಳಿಬಿಡುತ್ತೇನೆ. ನನ್ನ ಮೊದಲ ಮಗಳು ಅಡ್ಡ ತಿರುಗಿದ್ದಳು. ಅವಳನ್ನು ಸರಿಮಾಡಿ ಈ ಲೋಕಕ್ಕೆ ತಂದದ್ದು ಸುಗಂಧಾಬಾಯಿಯ ಕೈ. ಬಾಣಂತಿ ಕೋಣೆಯವರೆಗೆ ಆ ಕೈ ಬೇಕು. ಕೂಸಿನ ನೆತ್ತಿ ಮೊದಲು ಮುಟ್ಟುವುದಕ್ಕೂ ಬೇಕು. ಆದರೆ ಆ ಕೈಯಿಂದ ಒಂದು ಕಪ್ ಚಹಾ ಬೇಡ! ನಮ್ಮ ಮನೆಯಲ್ಲಿ ಅವಳಿಗೆ ಚಹಾ ಕೊಟ್ಟದ್ದು ಹೊರಗಿನ ಕಟ್ಟೆಯ ಮೇಲೆ. ಅವಳು ಆ ಕಪ್ಪನ್ನು ಮುಟ್ಟಲಿಲ್ಲ. "ನಿಮ್ಮ ಮನಿಯಾಗ ನಾ ಕುಡೀದಿದ್ರೂ ನಡೀತೈತ್ರಿ. ಒಂದ್ ದಿನ ನೀವ ನಮ್ಮ ಮನಿಗಿ ಬಂದು ಒಳಗ ಕೂತು ಕುಡೀರಿ," ಅಂದಳು. ಅತ್ತೆ ಅದನ್ನು ಸೊಕ್ಕು ಅಂದಳು. ನಾನು ಬಾಣಂತಿ, ಮಲಗಿದ್ದಲ್ಲೇ ಕೇಳಿಸಿಕೊಂಡೆ, ತುಟಿ ಪಿಟ್ಟೆನ್ನಲಿಲ್ಲ. ಆ ನಾಚಿಕೆ ಇವತ್ತಿಗೂ ಇದೆ.

ಇನ್ನು ಗಿಡದ ಮಾತು. ಮಿರಜದ ಡಾಕ್ಟರಬಾಯಿಯೊಬ್ಬರು ಅವಳಿಗೆ ಒಂದು ಎಲೆ ಕೊಟ್ಟಿದ್ದರಂತೆ. ಎಲೆ ಅನ್ನುವುದು ನಾವು. ನಿಜಕ್ಕೆ ಅದು ಚಪ್ಪಟೆ ಕಾಂಡ, ಅಂಚು ಗರಗಸದ ಹಾಗೆ. ಅದರ ತುದಿಯಿಂದ ಇನ್ನೊಂದು, ಅದರ ತುದಿಯಿಂದ ಮತ್ತೊಂದು ಹೊರಟು ಮಾರುದ್ದ ಜೋಲುತ್ತದೆ. ಜಾತಿಯಲ್ಲಿ ಕಳ್ಳಿ, ಆದರೆ ಬಯಲಿನ ಕಳ್ಳಿಯಲ್ಲ. ಎಲ್ಲೋ ದೂರದ ಕಾಡಿನಲ್ಲಿ ಮರದ ಕವಲಿಗೆ ಬೇರುಕೊಟ್ಟು, ಉದುರಿದ ಎಲೆಯ ಪುಡಿ ತಿಂದು, ನೆರಳಿನಲ್ಲಿ ಬದುಕುವಂಥದ್ದು. ಊರವರು ಜೋಲುಗಳ್ಳಿ ಅಂದರು. "ಕಳ್ಳಿ ಯಾರರೆ ಮನಿಯಾಗ ಹಚ್ಚತಾರೇನು?" ಅಂತ ನಕ್ಕರು. ಅವಳು ಡಾಲ್ಡಾ ಡಬ್ಬಿಯ ತಳಕ್ಕೆ ತೂತು ಹೊಡೆದು, ಹಂಚಿನ ಚೂರು, ಇದ್ದಲಿ, ತೆಂಗಿನ ನಾರು ತುಂಬಿ, ಪಡಸಾಲೆಯ ತೊಲೆಗೆ ತೂಗುಹಾಕಿದಳು. ಬಿಳಿ ಹಿಟ್ಟಿನಂಥ ಹುಳ ಹತ್ತಿದರೆ ನಿಪ್ಪಾಣಿ ತಂಬಾಕಿನ ಪುಡಿ ನೆನೆಸಿದ ನೀರಿನಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದಳು.

ಎಂಬತ್ತೆಂಟರ ಶಿವರಾತ್ರಿ ಮುಗಿದ ವಾರ ಆ ಡಬ್ಬಿ ಹೂಬಿಟ್ಟಿತು. ಅಂಗೈ ಅಗಲದ ಕೆಂಪು ಹೂವು, ಒಂದಲ್ಲ, ಒಂಬತ್ತು. ಹಗಲಿಗೇ ಅರಳಿ ಮೂರು ದಿನ ಬಾಡಲಿಲ್ಲ. ಜನ ಓಣಿಯಲ್ಲಿ ನಿಂತು ನೋಡಿದರು. ಪಡಸಾಲೆ ಮಾತ್ರ ಯಾರೂ ಹತ್ತಲಿಲ್ಲ.

ನನ್ನ ಅತ್ತೆಗೆ ನಿದ್ದೆ ಹಾರಿತು. ಹೊಳೆಯ ದಂಡೆಗೆ ಕಬ್ಬು, ಎತ್ತರದ ಹೊಲದಲ್ಲಿ ದ್ರಾಕ್ಷಿ ಇರುವ ಮನೆ ನಮ್ಮದು. ಮಾವ ರಾವಸಾಹೇಬರ ಕೈಯ ಚಾಟ್ನಿ, ಅಂದರೆ ದ್ರಾಕ್ಷಿಬಳ್ಳಿ ಕತ್ತರಿಸುವ ಕೆಲಸ, ನೋಡಲು ಅಥಣಿ ಕಡೆಯಿಂದ ಜನ ಬರುತ್ತಿದ್ದರು. ಇಂಥ ಮನೆಯಲ್ಲಿ ಇಲ್ಲದ ಹೂವು ಸರಕಾರಿ ಕೋಣೆಯಲ್ಲಿ! ಬೇಡೋಣ ಅಂದರೆ, ಸುಗಂಧಾಬಾಯಿ ಆಗಲೇ ಎಲ್ಲರಿಗೂ ಕೇಳುವಂತೆ ಹೇಳಿದ್ದಳು: "ಎಲಿ ಯಾರಿಗಿ ಬೇಕಾದ್ರೂ ಕೊಡ್ತೀನ್ರಿ. ಒಳಗ ಬಂದು ಕೂತು, ಒಂದ್ ಕಪ್ ಚಹಾ ಕುಡದು ಒಯ್ರಿ." ಹಾಗಾಗಿ ಅತ್ತೆಗೆ ಹಳೆಯ ಮಾತೊಂದು ನೆನಪಾಯಿತು: ಬೇಡಿ ತಂದ ಬಳ್ಳಿಗಿಂತ ಕದ್ದು ತಂದ ಬಳ್ಳಿ ಚಲೋ ಹತ್ತುತ್ತದೆ. ನಮ್ಮ ಕಡೆ ಎಲ್ಲರೂ ನಂಬುವ ಮಾತೇ. ಆದರೆ ಅತ್ತೆ ಅದನ್ನು ಅಷ್ಟು ಭಕ್ತಿಯಿಂದ ನಂಬಿದ್ದು ಆಗಲೇ.

ಮೊದಲ ಸಲ ಮಗಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ, ಪಡಸಾಲೆಯ ಹೊರಕ್ಕೆ ಜೋಲಿದ್ದ ಎಲೆಯೊಂದನ್ನು ಮುರಿದೆ. ಸುಗಂಧಾಬಾಯಿ ಒಳಗೆ ಸೂಜಿ ಕುದಿಸುತ್ತಿದ್ದಳು. ಎಲೆ ನನ್ನ ಸೆರಗಿನಲ್ಲಿತ್ತು. ಅತ್ತೆ ಆಗಿಂದಾಗಲೇ ಎರೆಮಣ್ಣಿನಲ್ಲಿ ಊರಿ, ಕಬ್ಬಿಗೆ ಬಿಟ್ಟಂತೆ ನೀರು ಬಿಟ್ಟಳು. ಎಂಟೇ ದಿನಕ್ಕೆ ಕೊಳೆಯಿತು. ಮುರಿದ ಗಾಯ ನೆರಳಿನಲ್ಲಿ ಒಂದು ವಾರ ಒಣಗಬೇಕು ಅನ್ನುವುದು ನಮಗೆಲ್ಲಿ ಗೊತ್ತು? ಎರಡನೆಯ ವರ್ಷ, "ಕಳ್ಳಿಗಿ ಬಿಸಲ ಬೇಕು," ಅಂತ ಮಾಳಿಗೆಯ ಮೇಲಿಟ್ಟೆವು. ಚೈತ್ರದ ಬಿಸಿಲಿಗೆ ಹಪ್ಪಳವಾಯಿತು. ಮೂರನೆಯದು ಹೇಗೋ ಬದುಕಿತು. ನಮ್ಮ ಜಾಣತನದಿಂದಲ್ಲ, ಎರೆಮಣ್ಣು ತೀರಿದ್ದಕ್ಕೆ ಅತ್ತೆ ಗಾಣದ ಕಬ್ಬಿನ ಸಿಪ್ಪೆಯ ಮೇಲೆ ಎಸೆದಿದ್ದಳು, ಅಲ್ಲೇ ಬೇರು ಬಿಟ್ಟಿತ್ತು.

ಅತ್ತೆ ಅದನ್ನು ಕುಂಡಕ್ಕೆ ಹಾಕಿ, ನಮ್ಮ ಮನೆಯಲ್ಲೂ ಗಿಡ ಹತ್ತಿತು ಅಂತ ಓಣಿಯೆಲ್ಲ ಹೇಳಿಕೊಂಡು ಬಂದಳು. ಗಿಡ ಉದ್ದುದ್ದ ಬೆಳೆಯಿತು. ಆಗ ಬಂತು ಅಕ್ಟೋಬರ್ ಚಾಟ್ನಿ. ಮಾವ ತೋಟ ಮುಗಿಸಿ ಕತ್ತರಿ ಹಿಡಿದೇ ಮನೆಗೆ ಬಂದರು. ಜೋಲುತ್ತಿದ್ದ ಗಿಡ ಕಂಡಿತು. "ಹಳೇದ ತಗದ್ರ ಹೊಸದಕ್ಕ ಜೀವ ಬರ್ತೈತಿ," ಅಂದು ಹಳೆಯ ಎಲೆಗಳನ್ನೆಲ್ಲ ಕಚಕಚ ಕತ್ತರಿಸಿದರು. ದ್ರಾಕ್ಷಿಯಲ್ಲಿ ಹೊಸ ಚಿಗುರಿಗೇ ಗೊನೆ, ನಿಜ. ಈ ಕಳ್ಳಿಯಲ್ಲಿ ಹಳೆಯ ಎಲೆಗೇ ಹೂವು! ಮಾವ ವರ್ಷವರ್ಷ ತಪ್ಪದೆ, ಪ್ರೀತಿಯಿಂದ, ಬರುವ ವರ್ಷದ ಹೂವನ್ನೆಲ್ಲ ಕತ್ತರಿಸಿ ತಿಪ್ಪೆಗೆ ಹಾಕಿದರು. ಮೂರು ವರ್ಷ ನಮ್ಮ ಗಿಡ ಹಸಿರಾಗಿ ಕೊಬ್ಬಿತು. ಒಂದು ಮೊಗ್ಗು ಕಾಣಲಿಲ್ಲ. ಅತ್ತ ಡಾಲ್ಡಾ ಡಬ್ಬಿಯಲ್ಲಿ ಹದಿನೈದು, ಇಪ್ಪತ್ತು.

"ಆಕಿ ಏನರೆ ಮಾಟ ಮಾಡಿರಬೇಕು. ಕೇಳಿ ಬಾ," ಅಂತ ಅತ್ತೆ ನನ್ನನ್ನೇ ಅಟ್ಟಿದಳು. ಕಳ್ಳಿಯನ್ನು ಕದ್ದವಳು ನಾನೇ, ನ್ಯಾಯ ಕೇಳಲು ಹೋದವಳೂ ನಾನೇ.

ಸುಗಂಧಾಬಾಯಿ ಕೇಳಿ ನಕ್ಕಳು. "ಮೂರ ಎಲಿ ಹೋಗ್ಯಾವ ಚನ್ನವ್ವಾರ. ಮುರದ ಜಾಗಾ ನನಗ ತಿಳ್ಯೂದಿಲ್ಲೇನ್ರಿ? ಎಲಿ ಕದ್ದೊಯ್ಯಾಕ ಬರ್ತೈತಿ. ಅದನ್ನ ಜ್ವಾಪಾನ ಮಾಡೂ ರೀತಿ ಕದ್ದೊಯ್ಯಾಕ ಬರೂದಿಲ್ಲ."

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. "ತಪ್ಪಾತ್ರಿ. ಚಹಾ ಮಾಡ್ರಿ, ನಾ ಕುಡೀತೀನಿ. ಹೇಳಿಕೊಡ್ರಿ," ಅಂದೆ.

ಅವಳು ನನ್ನ ಮುಖ ನೋಡಿದಳು. "ನೀವು ಈಗ ಓಣಿ ಕಡೆ ತಿರಗಿ ನೋಡಿ ಈ ಮಾತ ಅಂದ್ರಿ. ಕದ್ದು ಕುಡ್ಯೂ ಚಹಾ ನನಗ ಬ್ಯಾಡ್ರಿ. ನಿಮ್ಮ ಅತ್ತಿಯಾರ್ನ ಕರಕೊಂಡ ಬರ್ರಿ."

ಹೌದು, ನಾನು ತಿರುಗಿ ನೋಡಿದ್ದೆ. ಅವಳು ಹೇಳಿದ ಮೇಲೇ ನನಗೆ ಗೊತ್ತಾದದ್ದು. ಮನೆಗೆ ಬಂದು ಅತ್ತು, ಅತ್ತೆಗೆ ಅಂದೆ, "ಹೂವು ಬೇಕಂದ್ರ ನೀವ ಹೋಗ್ರಿ. ಇನ್ನ ನಾ ಕದ್ಯಾಂಗಿಲ್ಲ." ಸೊಸೆಯಾದ ಮೇಲೆ ಅತ್ತೆಗೆ ನಾನಾಡಿದ ಮೊದಲ ಎದುರು ಮಾತು ಅದು.

ಅತ್ತೆ ಹೋದಳು. ಹೂವಿನ ಆಸೆ ಅಂಥದ್ದು. ಸೋಮವಾರ ಹೋಗಿ ಪಡಸಾಲೆಯ ಅಂಚಿಗೆ ನಿಂತು, "ಇವತ್ತ ಸ್ವಾಮಾರ, ಉಪಾಸ," ಅಂದಳು. ಮಂಗಳವಾರ ಯಡೂರ ವೀರಭದ್ರನ ಹೆಸರಿನ ಉಪವಾಸ. ಗುರುವಾರಕ್ಕೊಂದು, ಶುಕ್ರವಾರಕ್ಕೊಂದು, ಶನಿವಾರ ಹನುಮಪ್ಪನದು. ಇದೇ ಅತ್ತೆ ಉಪವಾಸದ ದಿನ ಮನೆಯಲ್ಲಿ ನಾಲ್ಕು ಕಪ್ ಚಹಾ ಕುಡಿಯುವವಳು! ಸುಗಂಧಾಬಾಯಿಗೂ ಅದು ಗೊತ್ತಿತ್ತು. ಆದರೂ ಪ್ರತಿ ಸಲ ಸ್ಟೋವು ಹಚ್ಚಿ, ಚಹಾ ಸೋಸಿ, ಒಳಗಿನ ಖುರ್ಚಿಯ ಮುಂದಿಡುತ್ತಿದ್ದಳು. ಅದು ಆರಿ ಕೆನೆ ಕಟ್ಟುತ್ತಿತ್ತು. ಅತ್ತೆ ಹೊರಟಾಗ "ಮತ್ತ ಬರ್ರಿ," ಅಂತ ಬಾಗಿಲಿಗೆ ಬಂದು ಹೇಳಿ, ಆಮೇಲೆ ಆ ಚಹಾವನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ಗಿಡದ ವಿಷಯ ಮಾತ್ರ ಒಂದಕ್ಷರ ಬಿಡಲಿಲ್ಲ. ಹೀಗೆ ಎರಡು ಚಳಿಗಾಲ ಕಳೆದವು.

ತೊಂಬತ್ತೈದರಲ್ಲಿ ಅವಳಿಗೆ ರಾಯಬಾಗಕ್ಕೆ ವರ್ಗವಾಯಿತು. ಗಂಡನ ಊರು, ಒಂಬತ್ತು ವರ್ಷ ಕಾದ ವರ್ಗ. ಅವಳು ಏನು ಮಾಡಿದಳು ಅಂತೀರಿ? ಅಥಣಿಯ ಆಫೀಸಿಗೆ ಮೂರು ಸಲ ಅಲೆದು ಅದನ್ನು ತಡೆಸಿದಳು. ಜುಗೂಳದಲ್ಲೇ ಇರುತ್ತೇನೆ ಅಂತ ಅರ್ಜಿ ಕೊಟ್ಟ ಮೊದಲನೆಯವಳು ಇವಳೇ ಅಂತ ಅಲ್ಲಿಯವರು ನಕ್ಕರಂತೆ. ಅವಳ ಗಂಡ ಪಡಸಾಲೆಯಲ್ಲಿ ನಿಂತು ಸಿಟ್ಟಿನಿಂದ ಕೂಗಾಡಿದ್ದು ನಮಗೆಲ್ಲ ಕೇಳಿಸಿತು. "ಒಂದ್ ಕಪ್ ಚಹಾದ ಸಲುವಾಗಿ ಸಂಸಾರ ಬಿಡ್ತೀ ಏನ್?"

"ಈ ಊರಾಗ ಮುನ್ನೂರ ಕೂಸಿನ ಹೊಕ್ಕಳ ಕೊಯ್ದೀನಿ," ಅಂದಳು ಅವಳು. "ಒಬ್ಬಾಕಿ ದೊಡ್ಡ ಮನಿಯಾಕಿ ನನ್ನ ಮನಿಯಾಗ ಕೂತು ಚಹಾ ಕುಡ್ಯೂತನಾ ನಾ ಹೋಗೂದಿಲ್ಲ. ಹೋದ್ರ ಸೋತ ಹೋದಂಗ ಆಗ್ತೈತಿ."

ಅತ್ತೆಯೂ ಅದನ್ನು ಕೇಳಿದಳು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

ಮುಂದಿನ ಬುಧವಾರ ನಮ್ಮ ಗಿಡದ ಕುಂಡವನ್ನು ನನ್ನ ತಲೆಯ ಮೇಲೆ ಹೊರಿಸಿ ಹೊರಟಳು. ಬುಧವಾರಕ್ಕೆ ನಮ್ಮ ಮನೆಯಲ್ಲಿ ಯಾವ ದೇವರ ಉಪವಾಸವೂ ಇಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇ? ಪಡಸಾಲೆ ಹತ್ತಿದಳು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು. ಓಣಿಯ ಆಚೆ ರುಕ್ಮವ್ವ ಧಾನ್ಯ ಕೇರುವುದು ಬಿಟ್ಟು ನೋಡುತ್ತಿದ್ದಳು. ರುಕ್ಮವ್ವ ಕಂಡದ್ದು ಸಂಜೆಯೊಳಗೆ ಕಾಗವಾಡ ಮುಟ್ಟುತ್ತದೆ.

"ಬಾಗಲಾ ಮುಂದ ಮಾಡ್," ಅಂದಳು ಅತ್ತೆ, ಒಳಗೆ ಕಾಲಿಟ್ಟು, ಓಣಿಗೆ ಕಾಣದಂತೆ ಬಾಗಿಲು ಮುಚ್ಚಲಿ ಅಂತ.

"ಬಾಗಲಾ ತೆರದ ಇರ್ತೈತ್ರಿ," ಅಂದಳು ಸುಗಂಧಾಬಾಯಿ.

ಅತ್ತೆಯ ಮುಖ ಕೆಂಪಾಯಿತು. ಈಗ ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಖುರ್ಚಿಯ ಮೇಲೆ ಕೂತಳು. ಸ್ಟೋವು ಭುಸುಗುಟ್ಟಿತು. ಚಹಾ ಬಂತು. ಅತ್ತೆ ಬಸಿಗೆ ಸುರಿದು, ಊದಿ, ಕಣ್ಣುಮುಚ್ಚಿ ಒಂದು ಗುಟುಕು ಕುಡಿದಳು. ಅತ್ತೆ ಮುಖ ಸಿಂಡರಿಸಿದಳು.

"ಏನ ಬೇ ಇದು, ಇಷ್ಟ ಸಪ್ಪನ ಚಹಾ? ಕಬ್ಬಿನ ಸೀಮ್ಯಾಗ ಇದ್ದು ಸಕ್ರಿಗಿ ಹಿಂದ ಮುಂದ ನೋಡ್ತಾರೇನು? ಇನ್ನಷ್ಟ ತಾ."

ಸುಗಂಧಾಬಾಯಿ ಒಳಗೆ ಹೋದವಳು ಬರಲೇ ಇಲ್ಲ. ಹಣಿಕಿ ನೋಡಿದೆ. ಸಕ್ಕರೆ ಡಬ್ಬಿಯನ್ನು ಎದೆಗೊತ್ತಿಕೊಂಡು, ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವಳ ಚಹಾ ಚಲೋ ಇಲ್ಲ ಅಂದವರು ಈ ಊರಿನಲ್ಲಿ ಯಾರೂ ಇರಲಿಲ್ಲ. ಕುಡಿದಿದ್ದರೆ ತಾನೆ ಅನ್ನುವುದು?

ಆಮೇಲೆ ಮುಖ ಒರೆಸಿಕೊಂಡು ಬಂದಳು. ಎರಡು ಚಮಚೆ ಸಕ್ಕರೆ ಹಾಕಿ ಕಲಕಿದಳು. ಅತ್ತೆ ಮತ್ತೆ ಕುಡಿದು, "ಹಾಂ, ಈಗ ಆತು," ಅಂದಳು. ಸುಗಂಧಾಬಾಯಿ ನಮ್ಮ ಕುಂಡವನ್ನು ಎಳೆದುಕೊಂಡು ಅತ್ತೆಯ ಕಾಲ ಬಳಿಯೇ ನೆಲಕ್ಕೆ ಕೂತು, ಕತ್ತರಿಸಿದ ಗುರುತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಈಗ ಹೇಳ್ತೀನಿ, ಕೇಳ್ರಿ," ಅಂದಳು. "ಮೊದಲ ನಿಮ್ಮ ಮನಿಯವರ ಕತ್ರಿ ಎಲ್ಲ್ಯರೆ ಮುಚ್ಚಿಡ್ರಿ."