ಹೊಸ ಕ್ಯಾಮೆರಾ ಮತ್ತು ನನ್ನ ಕಣ್ಣಳತೆ

ಹೆಣ್ಣು ನೋಡಲು ಹೋದ ದಿನವೂ ನಾನು ಮೊದಲು ಗಮನಿಸಿದ್ದು ಅವಳು ಎಷ್ಟು ದೂರದಲ್ಲಿ ಕೂತಿದ್ದಾಳೆ ಎಂಬುದನ್ನು. ಏಳೂವರೆ ಅಡಿ. ಮುಖ ನೋಡಿದ್ದು ಆಮೇಲೆ. ಇದು ಕಸುಬಿನ ದೋಷ. ಮುಂಬೈಯ ಶೂಟಿಂಗುಗಳಲ್ಲಿ ನಾನು ಮೂವತ್ತು ವರ್ಷದಿಂದ ಫೋಕಸ್ ಪುಲ್ಲರ್. ನಟ ನಡೆದು ಬರುವಾಗ ಅವನ ಮುಖ ಮಸುಕಾಗದಂತೆ ಲೆನ್ಸಿನ ಬಳೆಯನ್ನು ಚೂರುಚೂರೇ ತಿರುಗಿಸುತ್ತ ಹೋಗುವವನು. ಸರಿಯಾಗಿ ಮಾಡಿದರೆ ನಾನೊಬ್ಬ ಇದ್ದೇನೆಂದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಇಡೀ ಸೆಟ್ಟು ನನ್ನತ್ತ ತಿರುಗುತ್ತದೆ.

ಈಗ ಹೊಸ ಕ್ಯಾಮೆರಾ ಒಂದು ಬರುತ್ತಿದೆ. ಬಿಡುಗಡೆಗೆ ಇನ್ನು ಎರಡು ವಾರ. ಕ್ಯಾಮೆರಾ ಬಾಡಿಗೆಗೆ ಕೊಡುವ ನಮ್ಮ ಕಾಂದಿವಲಿಯ ಗೋದಾಮಿನಲ್ಲಿ ಬೇರೆ ಮಾತೇ ಇಲ್ಲ. ಕತ್ತಲಲ್ಲೂ ಕಾಣುತ್ತದಂತೆ, ಒಂದೇ ಕೈಯಲ್ಲಿ ಎತ್ತಬಹುದಂತೆ. ಎಲ್ಲರೂ ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ ಕಾಯುತ್ತಿದ್ದಾರೆ. ನಾನೂ ಕಾಯುತ್ತಿದ್ದೇನೆ, ತೀರ್ಪಿಗೆ ಕಾಯುವ ಆರೋಪಿಯ ಹಾಗೆ. ಯಾಕೆಂದರೆ ಅದು ಮನುಷ್ಯನ ಕಣ್ಣನ್ನು ತಾನೇ ಹುಡುಕಿ, ತಾನೇ ಫೋಕಸ್ ಹಿಡಿಯುತ್ತದಂತೆ. ಬಳೆ ತಿರುಗಿಸುವವನು ಬೇಡವಂತೆ.

ನಮ್ಮ ಕಸುಬಿನಲ್ಲೊಂದು ಶಾಸ್ತ್ರವಿದೆ. ಕ್ಯಾಮೆರಾದ ಮೈಮೇಲಿನ ಒಂದು ಪುಟ್ಟ ಗುರುತಿಗೆ ಅಳತೆ ಟೇಪಿನ ತುದಿ ಹಿಡಿದು, ಇನ್ನೊಂದು ತುದಿಯನ್ನು ನಟನ ಕಣ್ಣಿನ ಪಕ್ಕದವರೆಗೆ ಎಳೆದು ಅಡಿ, ಇಂಚು ಓದಬೇಕು. ಎಂಥ ಹೀರೋ ಆದರೂ ಆಗ ದರ್ಜಿಯ ಮುಂದೆ ನಿಂತವನಂತೆ ಉಸಿರು ಹಿಡಿದಿರುತ್ತಾನೆ. ಹಿಂದಿನವರು ಗೇಣು, ಮೊಳ, ಮಾರು ಎಂದು ಅಳತೆಗೋಲನ್ನು ಮೈಯಲ್ಲೇ ಇಟ್ಟುಕೊಂಡಿದ್ದರು. ಕೈಗೆ ಎಟುಕದ್ದಕ್ಕೆ ಕಣ್ಣಳತೆ. ಅದೊಂದನ್ನು ನಂಬಿ ನಾನು ಸಂಸಾರ ಹೂಡಿದೆ.

ಒಂದು ಗುಟ್ಟು ಹೇಳುತ್ತೇನೆ. ಎರಡು ವರ್ಷದಿಂದ ನನ್ನ ಬಲಗಣ್ಣಿಗೆ ಪೊರೆ ಬರುತ್ತಿತ್ತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಕುರ್ಲಾದಲ್ಲಿ ಲೋಕಲ್ ಹತ್ತುವಾಗ ಕಂಬಿಯೆಂದು ಹಿಡಿದದ್ದು ಯಾರದೋ ಭುಜ. ಮನೆಯಲ್ಲಿ ಚಹಾದ ಲೋಟವನ್ನು ಟೇಬಲ್ಲಿನ ಆಚೆ, ಗಾಳಿಯಲ್ಲಿ ಇಟ್ಟೆ. “ಆ ಕನ್ನಡಕ ಒಮ್ಮೆ ಬದಲಿಸಿ ಮಾರಾಯ್ರೆ,” ಎಂದಳು ಹೆಂಡತಿ, ನೆಲ ಒರೆಸುತ್ತ. ಡಾಕ್ಟರ ಹತ್ತಿರ ಹೋದರೆ ಸುದ್ದಿಯಾಗುತ್ತದೆ. ಕಣ್ಣು ಕಾಣದ ಫೋಕಸ್ ಪುಲ್ಲರನ್ನು ಯಾರು ಕರೆಯುತ್ತಾರೆ? ಶಾಟ್ ತೋರಿಸುವ ಪುಟ್ಟ ಪರದೆ, ಅಂದರೆ ಮಾನಿಟರ್, ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಮಾನಿಟರ್ ನೋಡಿ ಫೋಕಸ್ ಹಿಡಿಯುವವರನ್ನೆಲ್ಲ ಹೀಗಳೆದು, ಟೇಪು ಹಿಡಿದವನೇ ನಿಜವಾದ ಕಸುಬುದಾರ ಎಂದು ಭಾಷಣ ಬಿಗಿಯತೊಡಗಿದೆ.

ಆದರೂ ಫೋಕಸ್ ತಪ್ಪಲಿಲ್ಲ. ಕಣ್ಣು ಹೋದರೂ ಕಣ್ಣಳತೆ ಹೋಗಿಲ್ಲವೆಂದು ಒಳಗೊಳಗೇ ಬೀಗಿದೆ. ನನ್ನ ಜೊತೆ ಹನ್ನೆರಡು ವರ್ಷದಿಂದ ಟೇಪು ಎಳೆಯುವವನು ವಿಜಯಪುರ ಕಡೆಯ ಬಶೀರ್. ನಟರು ನಿಲ್ಲಬೇಕಾದಲ್ಲಿ ನೆಲಕ್ಕೆ ಸೀಮೆಸುಣ್ಣದಿಂದ ಗೆರೆ ಹಾಕುವವನೂ ಅವನೇ. ಈಚೆಗೆ ಅವನು ಅಳತೆಯನ್ನು ಸಂತೆಯಲ್ಲಿ ಕೂಗಿದಂತೆ ಕೂಗುತ್ತಿದ್ದ, ಗೆರೆಗಳನ್ನು ಬೆರಳು ದಪ್ಪ ಎಳೆಯುತ್ತಿದ್ದ. ಇದೇನು ಗೋಡೆಗೆ ಸುಣ್ಣ ಬಳಿಯುತ್ತೀಯಾ ಎಂದು ಎಲ್ಲರೆದುರು ಗದರಿದ್ದೆ.

ಮೊನ್ನೆ ಕಂಪನಿಯವರು ಬಿಡುಗಡೆಗೆ ಮುಂಚೆ ನಮಗೆ ತೋರಿಸಲೆಂದು ಒಂದು ಕ್ಯಾಮೆರಾ ತಂದರು. ಗೋದಾಮಿನ ಪದ್ಧತಿಯಂತೆ ಅದಕ್ಕೆ ಹೂ ಏರಿಸಿ, ಕುಂಕುಮ ಇಟ್ಟೆವು. ಕಾಯಿ ಒಡೆಯುವ ಗೌರವ ಹಿರಿಯನಾದ ನನ್ನದು. ನನ್ನ ಅನ್ನಕ್ಕೆ ಕೈ ಹಾಕಲು ಬಂದದ್ದಕ್ಕೆ ನಾನೇ ಕಾಯಿ ಒಡೆದೆ. ಕಂಪನಿಯ ಹೆಣ್ಣುಮಗಳು, “ಅಂಕಲ್, ಜರಾ ಸಾಮನೇ ಆಯಿಯೇ,” ಎಂದು ನನ್ನನ್ನೇ ಕ್ಯಾಮೆರಾದ ಮುಂದೆ ಕರೆದಳು. ನಡೆದೆ, ಬಗ್ಗಿದೆ, ಹಟಕ್ಕೆ ಬಿದ್ದು ಕಂಬದ ಹಿಂದೆ ಅಡಗಿ ಇಣುಕಿದೆ. ಅದು ನನ್ನನ್ನು ಬಿಡಲಿಲ್ಲ. ಕೊನೆಗೆ ಅವಳು ನನ್ನ ಕಣ್ಣೊಂದನ್ನೇ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನಿಲ್ಲಿಸಿದಳು. ಗೋದಾಮಿನಲ್ಲಿದ್ದವರೆಲ್ಲ ಪರದೆ ಬಿಟ್ಟು ನನ್ನತ್ತ ತಿರುಗಿದರು. ಯಾಕೆಂದು ತಿಳಿಯಲು ನಾನು ಪರದೆಗೆ ಮೂರಡಿ ಹತ್ತಿರ ಹೋಗಬೇಕಾಯಿತು. ಕಣ್ಣಿನ ನಡುವೆ ಕಪ್ಪಿರಬೇಕಾದಲ್ಲಿ ಅಕ್ಕಿ ತೊಳೆದ ನೀರಿನ ಬಣ್ಣ. ಎರಡು ವರ್ಷ ಮುಚ್ಚಿಟ್ಟ ಪೊರೆ.

ಬಶೀರ್ ತೋಳು ಹಿಡಿದು ಹೊರಗೆ ಕರೆತಂದ. “ಎರಡು ವರ್ಷಾತು ನನಗ ಗೊತ್ತೈತ್ರಿ ಅಣ್ಣಾ,” ಎಂದ. “ಗೆರಿ ದಪ್ಪ ಯಾಕ ಹಾಕ್ತಿದ್ದೆ ಅಂತ ತಿಳ್ಕೊಂಡ್ರಿ? ಮೊದ್ಲ ಆಪರೇಷನ್ ಮಾಡಿಸ್ಕೊಳ್ರಿ.”

ಎರಡು ವರ್ಷ ಫೋಕಸ್ ಉಳಿಸಿದ್ದು ನನ್ನ ಕಣ್ಣಳತೆಯಲ್ಲ, ಅವನ ಕೂಗು ಮತ್ತು ದಪ್ಪ ಗೆರೆ ಎಂದು ಅಲ್ಲಿಗೆ ಗೊತ್ತಾಯಿತು. ಮುಂದಿನ ವಾರ ಆಪರೇಷನ್. ಬಿಡುಗಡೆ ಅದರ ಮರುವಾರ. ಕಣ್ಣು ಬರುವ ಹೊತ್ತಿಗೆ ಕೆಲಸ ಹೋಗಿರುತ್ತದೆ, ಟೇಪೇ ಬೇಡವಾದ ಮೇಲೆ ಬಶೀರನದೂ ಹೋಗುತ್ತದೆ. ನನಗೆ ಭಯವಾಗುತ್ತಿದೆ. ಆ ಕ್ಯಾಮೆರಾದ ಮೇಲೆ ದೂರೇನೂ ಇಲ್ಲ. ಅದು ಕಂಡದ್ದನ್ನು ಕಂಡ ಕೂಡಲೇ ಎಲ್ಲರಿಗೂ ತೋರಿಸಿತು, ಅದರ ಕೆಲಸವೇ ಅದು. ಬಶೀರ್ ಎರಡು ವರ್ಷ ಕಂಡೂ ಯಾರಿಗೂ ತೋರಿಸಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಗೋದಾಮಿಗೆ ಹೋಗಿ, ಅವನ ಕೈಯಲ್ಲಿ ನೆಲಕ್ಕೊಂದು ತೆಳ್ಳನೆಯ ಗೆರೆ ಹಾಕಿಸಿ, ಅದನ್ನು ಕಣ್ತುಂಬ ನೋಡಬೇಕು.